ಸ್ಪೋರ್ಟ್ಸ್ ಕಾರ್: ಪತ್ರಿಕೆಯ ಹೋಲಿಕೆ ನಂಬಬೇಕೋ, ನಮ್ಮ ಇಷ್ಟ ನೋಡಬೇಕೋ?

ಹುಬ್ಬಳ್ಳಿ-ಧಾರವಾಡದಲ್ಲಿ ಜೋರು ಓಡುವ ಕಾರು ಇಟ್ಟವರು ಕಡಿಮೆ, ಇಟ್ಟವರ ಮಾತು ಮಾತ್ರ ಜಾಸ್ತಿ. ಭಾನುವಾರ ಬೆಳಿಗ್ಗೆ ಚಹಾಕ್ಕೆ ನಿಂತಲ್ಲಿ ಪದೇ ಪದೇ ಏಳುವ ಜಗಳ ಇದು. ನಾಲ್ಕು ಕಾರು ಸಾಲಾಗಿ ನಿಲ್ಲಿಸಿ, ಓಡಿಸಿ, ಅಳೆದು, "ಇದು ಮೊದಲು, ಇದು ಕೊನೆ" ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಕೊಳ್ಳುವವರು ಅದಕ್ಕೆ ಎಷ್ಟು ಬೆಲೆ ಕೊಡಬೇಕು? ಇಬ್ಬರು ಗೆಳೆಯರು ತಮ್ಮ ತಮ್ಮ ವಾದ ಬರೆದುಕೊಟ್ಟಿದ್ದಾರೆ.

ಪರ: ಅಳೆದು ನೋಡಿ, ಆಮೇಲೆ ಇಷ್ಟಪಡಿ
(ಹುಬ್ಬಳ್ಳಿಯಿಂದ)

ಷೋರೂಮಿನ ಟೆಸ್ಟ್ ಡ್ರೈವ್ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಗೋಕುಲ ರಸ್ತೆಯಲ್ಲಿ ಹತ್ತು ನಿಮಿಷ. ಪಕ್ಕದಲ್ಲಿ ಸೇಲ್ಸ್ ಹುಡುಗ. ಮುಂದೆ ಆಟೊ, ಹಿಂದೆ ಬಸ್, ನಡುವೆ ಎರಡು ಹಂಪ್. ಮೂರನೇ ಗೇರಿಗೆ ಬರುವಷ್ಟರಲ್ಲಿ ಯೂ-ಟರ್ನ್ ಬಂತು. ಇಷ್ಟರಲ್ಲಿ ಗೊತ್ತಾಗುವುದು ಸೀಟು ಮೆತ್ತಗಿದೆಯಾ, ಎ.ಸಿ. ತಣ್ಣಗಿದೆಯಾ ಅನ್ನುವುದಷ್ಟೇ. ಮುಂದಿನ ವಾರ ಬೆಂಗಳೂರಿಗೆ ಹೋಗಿ ಇನ್ನೊಂದು ಕಾರು ಓಡಿಸುತ್ತೇವೆ. ಆ ರಸ್ತೆ ಬೇರೆ, ಟ್ರಾಫಿಕ್ ಬೇರೆ, ನಮ್ಮ ಮೂಡೂ ಬೇರೆ. ಆಮೇಲೆ "ನನಗೆ ಇದೇ ಹಿಡಿಸಿತು ನೋಡ್ರಿ" ಎನ್ನುತ್ತೇವೆ. ಅರವತ್ತು-ಎಪ್ಪತ್ತು ಲಕ್ಷದ ತೀರ್ಮಾನ ಇಷ್ಟರ ಮೇಲೆ!

ಪತ್ರಿಕೆಯವರು ಇದಕ್ಕೆ ಉಲ್ಟಾ ಮಾಡುತ್ತಾರೆ. ಎಲ್ಲ ಕಾರುಗಳನ್ನೂ ಒಂದೇ ಜಾಗಕ್ಕೆ ತರುತ್ತಾರೆ. ಅದೇ ರಸ್ತೆ, ಅದೇ ಬಿಸಿಲು, ಅದೇ ಡ್ರೈವರ್. ಉಪಗ್ರಹದ ಸಿಗ್ನಲ್ ಹಿಡಿದು ವೇಗ ಅಳೆಯುವ ಪೆಟ್ಟಿಗೆಯೊಂದನ್ನು ಕಾರಿನಲ್ಲಿ ಇಡುತ್ತಾರೆ. ಒಂದು ಕಾರಿನಿಂದ ಇಳಿದು ಐದು ನಿಮಿಷದಲ್ಲಿ ಇನ್ನೊಂದಕ್ಕೆ ಹತ್ತುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಹೀಗೆ ಮಾಡಿದಾಗ ಮಾತ್ರ.

ನಮ್ಮ ಕಿವಿ, ನಮ್ಮ ಸೊಂಟ ಸುಳ್ಳು ಹೇಳುತ್ತವೆ. ಸದ್ದು ಜಾಸ್ತಿ ಮಾಡುವ ಕಾರು ಜೋರಾಗಿ ಓಡುತ್ತಿದೆ ಅನಿಸುತ್ತದೆ. ಸಸ್ಪೆನ್ಷನ್ ಗಟ್ಟಿ ಇದ್ದರೆ ರೇಸ್ ಕಾರಿನಲ್ಲಿ ಕೂತ ಹಾಗೆ ಅನಿಸುತ್ತದೆ. ಸೀಟು ನೆಲಕ್ಕೆ ಹತ್ತಿರ ಇದ್ದರೆ ಅರವತ್ತು ಕಿ.ಮೀ. ವೇಗವೂ ನೂರರ ಹಾಗೆ ಕಾಣುತ್ತದೆ. ಕಾರು ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಈಗ ಎಷ್ಟೋ ಕಾರುಗಳಲ್ಲಿ ಇಂಜಿನ್ ಸದ್ದನ್ನು ಸ್ಪೀಕರಿನಿಂದ ಹೆಚ್ಚಿಸಿ ಕೇಳಿಸುತ್ತಾರೆ.

ಇನ್ನು ನಮ್ಮ ಹುಡುಗರ ಮೊಬೈಲ್ ವಿಡಿಯೊ. ಸ್ಪೀಡೋಮೀಟರ್ ಮುಂದೆ ಫೋನ್ ಹಿಡಿದು, "ಸೊನ್ನೆಯಿಂದ ನೂರಕ್ಕೆ ಇಷ್ಟು ಸೆಕೆಂಡ್" ಎಂದು ಕಳಿಸುತ್ತಾರೆ. ಯುರೋಪಿನಲ್ಲಿ ನಡೆಯುವ ನಿಯಮ ನೋಡಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ. ಜಾಸ್ತಿ ತೋರಿಸಬಹುದು, ಶೇಕಡಾ 10ರ ಮೇಲೆ ಇನ್ನೂ 4 ಕಿ.ಮೀ. ತನಕ. ಅಂದರೆ 100ರಲ್ಲಿ ಓಡುವಾಗ ಮುಳ್ಳು 114ರ ಮೇಲೆ ಇದ್ದರೂ ನಿಯಮ ಮುರಿದ ಹಾಗಲ್ಲ. ಇಂಥ ಮುಳ್ಳು ನೋಡಿ ಒಂದು ಕಾರು ಇನ್ನೊಂದಕ್ಕಿಂತ ಜೋರು ಅಂತ ಹೇಳುವುದು ಹೇಗೆ?

ಪತ್ರಿಕೆಯ ಅಂಕಿಯನ್ನೂ ನೋಡುವ ಕ್ರಮ ಬೇಕು, ಒಪ್ಪುತ್ತೇನೆ. ಅಮೆರಿಕದ ಪತ್ರಿಕೆಗಳು 0ರಿಂದ 60 ಮೈಲಿ ಅಳೆಯುತ್ತವೆ. ಅದು 96.5 ಕಿ.ಮೀ., ನೂರಲ್ಲ. ಜೊತೆಗೆ ಡ್ರ್ಯಾಗ್ ರೇಸಿನ (ನೇರ ಪಟ್ಟಿಯ ಓಟದ) ಪದ್ಧತಿಯಂತೆ ಕಾರು ಮೊದಲ ಒಂದು ಅಡಿ ಉರುಳುವ ಸಮಯವನ್ನು ಬಿಟ್ಟುಬಿಡುತ್ತವೆ. ಅಷ್ಟಕ್ಕೇ ಸುಮಾರು 0.3 ಸೆಕೆಂಡ್ ಉಳಿಯುತ್ತದೆ. ಅಲ್ಲಿಯ ಅಂಕಿ ತಂದು ಇಲ್ಲಿಯ ಅಂಕಿಯ ಪಕ್ಕ ಇಟ್ಟು ಜಗಳ ಮಾಡುವವರನ್ನು ಕಂಡರೆ ನಗು ಬರುತ್ತದೆ. ಒಂದೇ ಪತ್ರಿಕೆ ಒಂದೇ ದಿನ ಅಳೆದ ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಬೇಕು.

ನಾನು ನೋಡುವುದು ಸೊನ್ನೆಯಿಂದ ನೂರನ್ನೂ ಅಲ್ಲ. ನಮ್ಮ ದೇಶದ ಪತ್ರಿಕೆಗಳು 20ರಿಂದ 80, 40ರಿಂದ 100 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡ್ ಎಂಬ ಲೆಕ್ಕವನ್ನೂ ಕೊಡುತ್ತವೆ. ನಮಗೆ ಬೇಕಾದದ್ದು ಅದು. ಧಾರವಾಡದಿಂದ ಹಳಿಯಾಳದ ಕಡೆ ಕಬ್ಬಿನ ಸೀಸನ್ನಿನಲ್ಲಿ ಹೋಗಿ ನೋಡಿ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್. ಹಿಂದೆ ದೀಪ ಇಲ್ಲ, ಮೇಲೆ ಕಬ್ಬು ಎರಡೂ ಕಡೆ ಚಾಚಿದೆ. ಎದುರಿನ ರಸ್ತೆ ಖಾಲಿ ಸಿಗುವುದು ಕೆಲವೇ ಕ್ಷಣ. ಆಗ ಕಾರು 40ರಿಂದ 100ಕ್ಕೆ ಎಷ್ಟು ಬೇಗ ಹೋಗುತ್ತದೆ ಅನ್ನುವುದು ಇಷ್ಟಾನಿಷ್ಟದ ಮಾತಲ್ಲ, ಜೀವದ ಮಾತು. ಬ್ರೇಕ್ ಹಾಕಿದರೆ ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ ಅನ್ನುವುದೂ ಹಾಗೇ. ಇದನ್ನು ಯಾವ ಷೋರೂಮಿನಲ್ಲೂ ಹೇಳುವುದಿಲ್ಲ, ನೀವು ಅಲ್ಲಿ ಅಳೆಯಲೂ ಆಗುವುದಿಲ್ಲ.

ಪತ್ರಿಕೆಯವರು ಕಂಪನಿಯ ಜಾಹೀರಾತಿನ ದುಡ್ಡು ತಿನ್ನುತ್ತಾರೆ, ಅವರಿಗೆ ಕೊಡುವ ಕಾರೇ ಬೇರೆ ಎಂಬ ಆರೋಪ ಹಳೆಯದು. 2011ರಲ್ಲಿ ಬ್ರಿಟನ್ನಿನ ಕ್ರಿಸ್ ಹ್ಯಾರಿಸ್ ಎಂಬ ಪತ್ರಕರ್ತರು, ಫೆರಾರಿ ಕಂಪನಿ ಟೆಸ್ಟಿಗೆ ಕೊಡುವ ಕಾರುಗಳನ್ನು ವಿಶೇಷವಾಗಿ ಸಜ್ಜು ಮಾಡುತ್ತದೆ, ಟೆಸ್ಟ್ ಹೇಗೆ ನಡೆಯಬೇಕು ಎಂಬುದರಲ್ಲೂ ಕೈ ಹಾಕುತ್ತದೆ ಎಂದು ಬಹಿರಂಗವಾಗಿ ಬರೆದರು. ದೊಡ್ಡ ಗದ್ದಲವಾಯಿತು. ಆದರೆ ನೋಡಿ, ಅದನ್ನು ಹೊರಗೆ ಹಾಕಿದವರು ಯಾರು? ಕಾರು ಟೆಸ್ಟ್ ಮಾಡಿ ಬರೆಯುವವರೇ ಅಲ್ವಾ?

ಟೆಸ್ಟ್ ಮಾಡುವವರಿಗೆ ಗಡಿಯಾರ ಬಿಟ್ಟರೆ ಬೇರೇನೂ ಗೊತ್ತಿಲ್ಲ ಅನ್ನುವುದೂ ಸುಳ್ಳು. ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು 1989ರಲ್ಲಿ ಬಂದಾಗ ಅದಕ್ಕೆ 1.6 ಲೀಟರಿನ ಸಣ್ಣ ಇಂಜಿನ್. ವೇಗದಲ್ಲಿ ಅದು ಎಂದೂ ಯಾರನ್ನೂ ಹೆದರಿಸಲಿಲ್ಲ. ಆದರೂ ಪತ್ರಿಕೆಗಳು ಅದನ್ನು ತಲೆಯ ಮೇಲೆ ಹೊತ್ತು ಬರೆದವು. 2016ರಲ್ಲಿ ಹತ್ತು ಲಕ್ಷನೆಯ ಎಂಎಕ್ಸ್-5 ತಯಾರಾಯಿತು. ಹಗುರ ಕಾರಿನ ಖುಷಿಯನ್ನು ಜನರಿಗೆ ತೋರಿಸಿದವರಲ್ಲಿ ಇದೇ ಪತ್ರಿಕೆಗಳೂ ಇದ್ದವು.

ನನ್ನದು ಬಿಎಂಡಬ್ಲ್ಯು ಎಂ340ಐ. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ, 387 ಹಾರ್ಸ್‌ಪವರ್, ನೂರಕ್ಕೆ 4.4 ಸೆಕೆಂಡ್ ಅಂತ ಕಂಪನಿಯ ಮಾತು. ಕೊಳ್ಳುವ ಮೊದಲು ಸಿಕ್ಕ ಹೋಲಿಕೆಗಳನ್ನೆಲ್ಲ ಓದಿದೆ. ಎದುರು ವಾದ ಬರೆದಿರುವ ಧಾರವಾಡದ ಗೆಳೆಯರಿಗೆ ಇದು ತಮಾಷೆ. ಸೋತ ಕಾರನ್ನು ಕೊಳ್ಳಬೇಡಿ ಅಂತ ನಾನೂ ಹೇಳುವುದಿಲ್ಲ. ಯಾಕೆ ಸೋತಿತು ಎಂದು ಓದಿ ಕೊಳ್ಳಿ, ಅಷ್ಟೇ. ಹಿಂದಿನ ಸೀಟು ಸಣ್ಣದು ಅಂತ ಸೋತಿದ್ದರೆ ನಿಮಗೇನು? ಬ್ರೇಕ್ ಬಿಸಿಯಾಗಿ ಸೋತಿದ್ದರೆ ಅದು ಬೇರೆ ಮಾತು.

ವಿರೋಧ: ಅಳೆದದ್ದೆಲ್ಲ ನಮ್ಮ ಪ್ರಶ್ನೆಗೆ ಉತ್ತರವಲ್ಲ
(ಧಾರವಾಡದಿಂದ)

ಮೊದಲೇ ಹೇಳಿಬಿಡುತ್ತೇನೆ, ನನ್ನ ಹುಬ್ಬಳ್ಳಿ ಗೆಳೆಯರ ಕಾರು ಸ್ಪೋರ್ಟ್ಸ್ ಕಾರೇ ಅಲ್ಲ. ಬಹಳ ಜೋರಾಗಿ ಓಡುವ ಸಂಸಾರದ ಕಾರು. ಹಾಗಾಗಿ ಅವರಿಗೆ ಪತ್ರಿಕೆಯ ಟೇಬಲ್ ಸರಿಹೊಂದುತ್ತದೆ. ಡಿಕ್ಕಿ ಎಷ್ಟು, ಹಿಂದೆ ಮೂವರು ಕೂರಬಹುದಾ, ಮೈಲೇಜ್ ಎಷ್ಟು, ಎಲ್ಲಕ್ಕೂ ಅಂಕ ಹಾಕಿ ಕೂಡಿಸುವ ಪದ್ಧತಿ ಹುಟ್ಟಿದ್ದೇ ಅಂಥ ಕಾರುಗಳಿಗಾಗಿ.

ಸ್ಪೋರ್ಟ್ಸ್ ಕಾರು ಯಾರಿಗೂ ಅವಶ್ಯವಲ್ಲ. ಅದಿಲ್ಲದಿದ್ದರೆ ಮನೆಯ ಯಾವ ಕೆಲಸವೂ ನಿಲ್ಲುವುದಿಲ್ಲ. ಬೇಕು ಅನಿಸಿದ್ದಕ್ಕೇ ಕೊಳ್ಳುವ ವಸ್ತು ಅದು. ಬೇಕು ಅನಿಸುವುದನ್ನು ತೆಗೆದು ಪಕ್ಕಕ್ಕಿಟ್ಟು ಉಳಿದದ್ದನ್ನೆಲ್ಲ ಅಳೆದರೆ ಏನು ಸಿಕ್ಕ ಹಾಗಾಯಿತು?

ಪೋರ್ಷೆಯ ಕಥೆಯನ್ನೇ ತೆಗೆದುಕೊಳ್ಳಿ. 2013ರಲ್ಲಿ 911 ಜಿಟಿ3 ಹೊಸ ರೂಪದಲ್ಲಿ ಬಂತು. ಕಂಪನಿ ಅದರಲ್ಲಿ ಮ್ಯಾನುವಲ್ ಗೇರ್ ತೆಗೆದುಹಾಕಿತು. ಪಿಡಿಕೆ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಮಾತ್ರ. ಕಾರಣ ಸರಳ. ಯಾವ ಮನುಷ್ಯನ ಕೈಗಿಂತಲೂ ಅದು ಬೇಗ ಗೇರ್ ಬದಲಿಸುತ್ತದೆ, ಟ್ರ್ಯಾಕಿನಲ್ಲಿ ಸಮಯ ಉಳಿಸುತ್ತದೆ. ಗಡಿಯಾರದ ಲೆಕ್ಕದಲ್ಲಿ ವಾದವೇ ಇಲ್ಲ. ಆದರೆ ಕೊಳ್ಳುವವರಲ್ಲಿ ಎಷ್ಟೋ ಜನ ಮುಖ ಸಣ್ಣದು ಮಾಡಿದರು. 2016ರಲ್ಲಿ ಕಂಪನಿ 911 ಆರ್ ಎಂಬುದನ್ನು ತಂದಿತು. ಮಾಡಿದ್ದು 991 ಕಾರು, ಎಲ್ಲವೂ ಮ್ಯಾನುವಲ್. ಅವು ಷೋರೂಮ್ ಬೆಲೆಗಿಂತ ಎಷ್ಟೋ ಜಾಸ್ತಿಗೆ ಕೈ ಬದಲಾಯಿಸಿದವು. ಮರುವರ್ಷ ಜಿಟಿ3ಗೂ ಮ್ಯಾನುವಲ್ ವಾಪಸ್ ಬಂತು. ಕಂಪನಿಯೇ ಕೊಟ್ಟ ಅಂಕಿ ಹೀಗಿದೆ: ನೂರಕ್ಕೆ ಪಿಡಿಕೆ 3.4 ಸೆಕೆಂಡ್, ಮ್ಯಾನುವಲ್ 3.9. ಅರ್ಧ ಸೆಕೆಂಡ್ ನಿಧಾನ ಅಂತ ಗೊತ್ತಿದ್ದೇ ಜನ ಮ್ಯಾನುವಲ್ ಕೇಳಿದರು. ಇವರೇನು ಪತ್ರಿಕೆ ಓದದವರಾ? ಬೇರೆಯವರಿಗಿಂತ ಜಾಸ್ತಿ ಓದಿದವರು.

ನನ್ನ ಕಾರಿನದೂ ಇದೇ ಮಾತು. ನನ್ನದು ಪೋರ್ಷೆಯದೇ ಹಳೆಯ ಬಾಕ್ಸ್‌ಸ್ಟರ್, ಟಾಪ್ ತೆರೆಯುವ ಎರಡು ಸೀಟಿನ ಕಾರು, ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. 2.7 ಲೀಟರ್, ಆರು ಸಿಲಿಂಡರ್, ಗಾಳಿ ಒತ್ತಿ ಶಕ್ತಿ ಹೆಚ್ಚಿಸುವ ಟರ್ಬೊ ಇಲ್ಲ, 265 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್ ಲೆಕ್ಕವೇ). 2016ರಲ್ಲಿ ಅದರ ಜಾಗಕ್ಕೆ 718 ಬಂತು. ನಾಲ್ಕೇ ಸಿಲಿಂಡರ್, 2 ಲೀಟರ್, ಟರ್ಬೊ, 300 ಪಿಎಸ್. ಪಿಡಿಕೆಯ ಜೊತೆ ಸ್ಪೋರ್ಟ್ ಕ್ರೋನೊ ಎಂಬ ಹೆಚ್ಚುವರಿ ಪ್ಯಾಕೇಜೂ ಇರುವ ಕಾರು ನೂರಕ್ಕೆ 4.7 ಸೆಕೆಂಡ್, ಹಳೆಯದಕ್ಕಿಂತ 0.8 ಸೆಕೆಂಡ್ ಬೇಗ. ಹೊಗೆ ಕಡಿಮೆ, ಎಳೆತ ಜಾಸ್ತಿ. ಟೇಬಲ್ ಹಾಕಿದರೆ ಒಂದೊಂದು ಸಾಲಿನಲ್ಲೂ ಹೊಸದೇ ಮೇಲು. ಆದರೆ ಸದ್ದು? ಅದನ್ನು ಕೇಳಿದವರಲ್ಲಿ ಬಹಳ ಜನ ಹಳೆಯದನ್ನೇ ಹುಡುಕಿದರು. 2020ರಲ್ಲಿ ಕಂಪನಿ 718 ಜಿಟಿಎಸ್‌ಗೆ ಮತ್ತೆ ಆರು ಸಿಲಿಂಡರಿನ 4 ಲೀಟರ್ ಇಂಜಿನ್ ಹಾಕಿತು. ಗೆಳೆಯರೇ, "ಕಿವಿ ಸುಳ್ಳು ಹೇಳುತ್ತದೆ" ಎಂದಿರಲ್ಲ. ವೇಗದ ಬಗ್ಗೆ ಹೇಳಬಹುದು. ಖುಷಿಯ ಬಗ್ಗೆ ಕಿವಿ ಯಾಕೆ ಸುಳ್ಳು ಹೇಳುತ್ತದೆ?

ನಾವು ಗಂಗೂಬಾಯಿ ಹಾನಗಲ್ ಅವರ ಊರಿನವರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಡಸಾಯಿತು, ಗಂಡಸರ ದನಿಯಷ್ಟು ಭಾರವಾಯಿತು. ಹೆಣ್ಣುದನಿ ಹೀಗೆ ಇಂಪಾಗಿರಬೇಕು ಅಂತ ಹತ್ತಕ್ಕೆ ಅಂಕ ಹಾಕುವವರ ಮುಂದೆ ಅವರನ್ನು ಕೂರಿಸಿದ್ದರೆ ಎಷ್ಟು ಬರುತ್ತಿತ್ತು? ದೇಶ ಅವರನ್ನು ತಲೆಬಾಗಿ ಕೇಳಿದ್ದು ಆ ದನಿಗೇ.

ರಸ್ತೆಯ ಮಾತಿಗೆ ಬರೋಣ. ಪತ್ರಿಕೆಯವರು ಟ್ರ್ಯಾಕಿನಲ್ಲೂ ಓಡಿಸುತ್ತಾರೆ. ಕೊಯಮತ್ತೂರಿನ ಕರಿ ಟ್ರ್ಯಾಕ್, ನೋಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟ್. ಚೆನ್ನಾಗಿದೆ. ಆದರೆ ನಮ್ಮ ಊರಿನ ಪೂರ್ವಕ್ಕೆ ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋದರೆ ಎರೆ ಭೂಮಿ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಎಷ್ಟೇ ನೀಟಾಗಿ ಡಾಂಬರು ಹಾಕಿದರೂ ಅಡಿಯ ಮಣ್ಣು ಸುಮ್ನೆ ಕೂರುವುದಿಲ್ಲ. ರಸ್ತೆ ನಿಧಾನಕ್ಕೆ ಅಲೆ ಅಲೆಯಾಗುತ್ತದೆ. ಟ್ರ್ಯಾಕಿನಲ್ಲಿ ಅರ್ಧ ಸೆಕೆಂಡ್ ಗೆದ್ದ ಗಟ್ಟಿ ಸಸ್ಪೆನ್ಷನ್ ಅಲ್ಲಿ ಬೆನ್ನು ಮುರಿಯುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಬೇರೆಯೇ ಲೋಕ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಕೆಂಪು ಮಣ್ಣು, ಕಾಡು, ತಿರುವಿನ ಮೇಲೆ ತಿರುವು, ಮುಂದೆ ಅದಿರಿನದೋ ಇನ್ನೇನಿನದೋ ಲಾರಿ. ಅಲ್ಲಿ 400 ಹಾರ್ಸ್‌ಪವರ್ ಇದ್ದರೂ ಬಳಸಲು ಜಾಗ ಎಲ್ಲಿ? ಸ್ಟೀರಿಂಗ್ ಕೈಗೆ ಏನು ಹೇಳುತ್ತದೆ, ಎರಡನೇ ಗೇರಿನಲ್ಲಿ ಇಂಜಿನ್ ಹೇಗೆ ಉಸಿರಾಡುತ್ತದೆ, ಅದೇ ಎಲ್ಲ.

ಟೊಯೊಟಾದವರಿಗೆ ಇದು ಗೊತ್ತಿತ್ತು. 2012ರ ಜಿಟಿ86 ಎಂಬ ಸ್ಪೋರ್ಟ್ಸ್ ಕಾರಿಗೆ ಅವರು ಬೇಕೆಂದೇ ಸಾಮಾನ್ಯ ಟಯರ್ ಹಾಕಿದರು, ಹಿಡಿತ ಕಡಿಮೆ ಇರಲಿ, ಕಡಿಮೆ ವೇಗದಲ್ಲೇ ಕಾರು ಆಟ ಆಡಲಿ ಅಂತ. ಟಯರ್ ಬದಲಿಸಿದರೆ ಟ್ರ್ಯಾಕಿನಲ್ಲಿ ಒಂದು ಸುತ್ತಿನ ಸಮಯ ಸುಧಾರಿಸುತ್ತಿತ್ತು. ಅವರಿಗೆ ಅದು ಬೇಕಿರಲಿಲ್ಲ.

ಪತ್ರಿಕೆಯವರ ದೊಡ್ಡ ತೊಂದರೆ ಬೇರೆ. ಅವರು ಕೀ ವಾಪಸ್ ಕೊಡುತ್ತಾರೆ. ಮೂರು ದಿನ ಓಡಿಸಿ, ಬರೆದು, ಮುಂದಿನ ಕಾರಿಗೆ ಹೋಗುತ್ತಾರೆ. ಮೂರು ದಿನಕ್ಕೆ ಹಿಡಿಸುವ ಕಾರು, ಮೂರು ವರ್ಷಕ್ಕೆ ಹಿಡಿಸುವ ಕಾರು ಒಂದೇ ಆಗಬೇಕಿಲ್ಲ. ಹಂಪ್ ಬಂದಾಗಲೆಲ್ಲ ಕಾರನ್ನು ಓರೆ ಮಾಡಿ ಹತ್ತಿಸುವ ಕಷ್ಟ, ಸರ್ವಿಸಿಗೆ ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಬೆಂಗಳೂರಿಗೆ ಕಳಿಸುವ ಖರ್ಚು, ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವುದು, ಇವೆಲ್ಲ ಅವರ ಲೆಕ್ಕದಲ್ಲಿ ಬರುವುದಿಲ್ಲ. ಸಂತೋಷವೂ ಬರುವುದಿಲ್ಲ. ನನ್ನ ಕಾರಿನ ಟಾಪ್ 50 ಕಿ.ಮೀ. ವೇಗದ ತನಕ ಓಡುತ್ತಲೇ ಮುಚ್ಚಿಕೊಳ್ಳುತ್ತದೆ, 9 ಸೆಕೆಂಡಿನಲ್ಲಿ. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಬಂತು ಅನ್ನುವಷ್ಟರಲ್ಲಿ ಹೋಗುತ್ತದೆ, ಹೋಯಿತು ಅನ್ನುವಷ್ಟರಲ್ಲಿ ಬರುತ್ತದೆ. ನನಗೆ ಬಾಯಿಪಾಠ ಇರುವ ಸೆಕೆಂಡ್ ಲೆಕ್ಕ ಅದೊಂದೇ.

ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಗೆಳೆಯರು ಹೇಳಿದ್ದು ಸರಿ. ಬ್ರೇಕಿನ ಬಗ್ಗೆ ಹೇಳಿದ್ದೂ ಸರಿ. ಆದರೆ ಈ ಬೆಲೆಯ ಯಾವ ಕಾರು ಆ ಟ್ರ್ಯಾಕ್ಟರನ್ನು ದಾಟಲು ಒದ್ದಾಡುತ್ತದೆ, ಹೇಳಿ? ಮೊದಲು ಬಂದ ಕಾರಿಗೂ ನಾಲ್ಕನೆಯದಕ್ಕೂ ಇರುವ ಅಂತರ ಹಳಿಯಾಳದ ರಸ್ತೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನಾನೂ ಪತ್ರಿಕೆ ಓದುತ್ತೇನೆ, ಇಲ್ಲ ಅನ್ನಲ್ಲ. ಹೋಲಿಕೆ ಪುಟ ದಾಟಿಸಿ ಹಿಂದಿನ ಪುಟಗಳಿಗೆ ಹೋಗುತ್ತೇನೆ. ಅಲ್ಲಿ ಒಂದೇ ಕಾರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಬರೆಯುವ ವರದಿ ಇರುತ್ತದೆ. ಯಾರು ಗೆದ್ದರು ಅಂತ ಅದರಲ್ಲಿ ಇರುವುದಿಲ್ಲ. ಏನು ಕೆಟ್ಟಿತು, ಬಿಲ್ ಎಷ್ಟಾಯಿತು, ಸಂಜೆ ಮನೆಗೆ ಹೋಗುವಾಗ ಆಫೀಸಿನಲ್ಲಿ ಆ ಕೀಗೆ ಯಾರ್ಯಾರು ಕೈ ಚಾಚಿದರು ಅಂತ ಇರುತ್ತದೆ.