ಹೆಸರು ಬರುವಾಗ ಟಿವಿ ಆರಿಸಬೇಡಿ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿದೀತು ಎಂದು ಕುಳಿತಿದ್ದೇನೆ.

ಶಿರಸಿಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಊಟ ಮುಗಿಸಿ ಹುಡುಗರೆಲ್ಲ ‘ಬ್ಯಾಂಡ್ ಆಫ್ ಬ್ರದರ್ಸ್’ ಧಾರಾವಾಹಿಯ ಕೊನೆಯ ಕಂತು ಹಾಕಿಕೊಂಡು ಕುಳಿತಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪ್ಯಾರಾಶೂಟ್ ಪಡೆಯ ‘ಈಸಿ ಕಂಪನಿ’ ಎಂಬ ತುಕಡಿ ನಡೆದುಬಂದ ದಾರಿ ಅದು. 2001ರಲ್ಲಿ ಎಚ್‌ಬಿಒದಲ್ಲಿ ಬಂದ ಹತ್ತು ಕಂತುಗಳು. ಈ ಧಾರಾವಾಹಿಯ ಬಗ್ಗೆ ನನಗಿರುವ ಹುಚ್ಚು ಇಲ್ಲಿರುವ ಹಳೆಯ ಸ್ನೇಹಿತರಿಗೆ ಹೊಸದಲ್ಲ. ಕೊನೆಯಲ್ಲಿ ಯುದ್ಧ ಮುಗಿದು ಸೈನಿಕರು ಬೇಸ್‌ಬಾಲ್ ಆಡುತ್ತಾರೆ, ಯಾರ್‍ಯಾರು ಮುಂದೆ ಏನಾದರೆಂದು ಆ ಕಂಪನಿಯ ನಾಯಕನಾಗಿದ್ದ ವಿಂಟರ್ಸ್ ಪಾತ್ರದ ಧ್ವನಿ ಹೇಳುತ್ತಾ ಹೋಗುತ್ತದೆ. ಆ ಮಾತು ನಿಂತದ್ದೇ ತಡ, ನನ್ನ ಸೋದರಳಿಯ ರಿಮೋಟ್ ಒತ್ತಿ ಟಿವಿ ಆರಿಸಿದ.

“ಅಯ್ಯೋ, ಇರೋ” ಎಂದೆ.

“ಮುಗಿಯಿತಲ್ಲ ಮಾವ, ಇನ್ನೇನಿದ್ದರೂ ಹೆಸರುಗಳು” ಎಂದ.

ಹೌದು, ಹೆಸರುಗಳೇ. ಯಾರ ಹೆಸರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಕಂತುಗಳ ಆರಂಭದಲ್ಲಿ ಕೆಲವು ವೃದ್ಧರು ಕ್ಯಾಮೆರಾದ ಮುಂದೆ ಕುಳಿತು ಮಾತನಾಡುತ್ತಾರೆ. ಸತ್ತ ಗೆಳೆಯರನ್ನು ನೆನೆದು ಕೆಲವರಿಗೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅವರು ನಟರಲ್ಲ, ಆ ಕಂಪನಿಯಲ್ಲಿ ನಿಜವಾಗಿ ಹೋರಾಡಿ ಬದುಕಿ ಬಂದವರು. ನಿರ್ಮಾಪಕರು ಬೇಕೆಂದೇ ಅವರ ಹೆಸರನ್ನು ಕೊನೆಯವರೆಗೆ ತಡೆಹಿಡಿದಿದ್ದಾರೆ. ಹತ್ತನೆಯ ಕಂತಿನ ಕೊನೆಯಲ್ಲಿ ಮತ್ತೆ ಅವರೇ ಬರುತ್ತಾರೆ, ಆಗ ಮುಖದ ಕೆಳಗೆ ಹೆಸರು ಮೂಡುತ್ತದೆ. ನಾವು ಇಷ್ಟು ಹೊತ್ತು ಯಾರ ಕಥೆ ನೋಡಿದೆವೋ ಆ ವಿಂಟರ್ಸ್, ಆ ಲಿಪ್ಟನ್ ನಮ್ಮ ಎದುರು ಕುಳಿತಿದ್ದಾರೆ. ಹುಡುಗ ಅಷ್ಟೂ ಕಂತು ನೋಡಿ ಇದೊಂದನ್ನು ಕಳೆದುಕೊಂಡ. ಮತ್ತೆ ಹಾಕಿಸಿ ಕೂರಿಸಿದೆ, ನೋಡಿದ. ನೋಡಿದ ಮೇಲೆ ಅವನು ಸುಮ್ಮನಾದ, ನನ್ನ ಸಿಟ್ಟು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ಏಕೆಂದರೆ ಇದು ಒಬ್ಬ ಹುಡುಗನ ಅಭ್ಯಾಸವಲ್ಲ. ಕಥೆ ಮುಗಿದು ಹೆಸರು ಮೇಲೇರಲು ಶುರುವಾದರೆ ಸಾಕು, ಟಿವಿಯೇ ಆ ಹೆಸರುಗಳನ್ನು ಮೂಲೆಗೆ ಒತ್ತಿ ಮುಂದಿನ ಕಂತಿಗೆ ಎಳೆದುಕೊಂಡು ಹೋಗುತ್ತದೆ. ವರ್ಷಗಟ್ಟಲೆ ದುಡಿದವರಿಗೆ ತೆರೆಯ ಮೇಲೆ ಸಿಗುವ ಒಂದೇ ಒಂದು ಸಾಲನ್ನೂ ನಾವು ಉಳಿಸುತ್ತಿಲ್ಲ. ನನಗೆ ಇದು ಶುದ್ಧ ಅವಮರ್ಯಾದೆಯಾಗಿ ಕಾಣುತ್ತದೆ.

ಯಾರನ್ನಾದರೂ ಕೇಳಿ, ಈ ಧಾರಾವಾಹಿ ಮಾಡಿದ್ದು ಯಾರೆಂದು. “ಸ್ಪಿಲ್‌ಬರ್ಗ್” ಎನ್ನುತ್ತಾರೆ. ಸ್ಪಿಲ್‌ಬರ್ಗ್ ಮತ್ತು ಟಾಮ್ ಹ್ಯಾಂಕ್ಸ್ ಅದರ ಕಾರ್ಯಕಾರಿ ನಿರ್ಮಾಪಕರು. ಸ್ಪಿಲ್‌ಬರ್ಗ್ ಒಂದೇ ಒಂದು ಕಂತನ್ನೂ ನಿರ್ದೇಶಿಸಿಲ್ಲ. ಹತ್ತು ಕಂತುಗಳನ್ನು ಎಂಟು ಜನ ನಿರ್ದೇಶಕರು ಹಂಚಿಕೊಂಡಿದ್ದಾರೆ, ಐದನೆಯದು ಹ್ಯಾಂಕ್ಸ್ ಅವರದು. ನೋಡಿದವರೆಲ್ಲ ಮರೆಯಲಾಗದು ಎನ್ನುವ ‘ಬಾಸ್ಟೋನ್’ ಕಂತು ಡೇವಿಡ್ ಲೇಲಂಡ್ ಅವರದು. ಆ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಆ ಕಂತನ್ನೇ ತೆಗೆದುಕೊಳ್ಳಿ. 1944ರ ಚಳಿಗಾಲ, ಬೆಲ್ಜಿಯಂನ ಕಾಡು, ಮುತ್ತಿಗೆಯೊಳಗೆ ಸಿಕ್ಕಿಕೊಂಡ ಸೈನಿಕರು. ವೈದ್ಯಕೀಯ ಸಹಾಯಕ ಯೂಜೀನ್ ರೋ ಗುಂಡಿಯಿಂದ ಗುಂಡಿಗೆ ಬಾಗಿ ಓಡುತ್ತಾ ಕತ್ತರಿ ಇದೆಯೇ, ಬ್ಯಾಂಡೇಜ್ ಇದೆಯೇ, ಮಾರ್ಫಿನ್ ಇದೆಯೇ ಎಂದು ಕೇಳುತ್ತಾನೆ. ಒಂದು ಕತ್ತರಿ! ಗಾಯಾಳುವಿನ ಬಟ್ಟೆ ಕತ್ತರಿಸಲು ಅವನ ಬಳಿ ಒಂದು ಕತ್ತರಿಯಿಲ್ಲ. ಯುದ್ಧದಲ್ಲಿ ಏನೇನಕ್ಕೆ ಬರ ಬರುತ್ತದೆ ಎಂಬುದು ಯಾವ ಬಾಂಬ್ ಸ್ಫೋಟಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ. ಆ ದೃಶ್ಯವನ್ನು ಯಾರೋ ಬರೆದಿದ್ದಾರೆ. ಯಾರೋ ಅವನ ಔಷಧಿ ಚೀಲಕ್ಕೆ ಬಣ್ಣ ಮಾಸಿಸಿ ಹಳತು ಮಾಡಿದ್ದಾರೆ. ಅಲ್ಲಿ ಕಾಣುವ ಹಿಮ ಹಿಮವೇ ಅಲ್ಲ, ಕಾಗದದಿಂದ ಮಾಡಿದ್ದು. ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಮುಚ್ಚಿಹೋಗಿದ್ದ ವಿಮಾನ ಕಾರ್ಖಾನೆಯ ಹ್ಯಾಂಗರಿನೊಳಗೆ ಆ ಕಾಡನ್ನು ಎಬ್ಬಿಸಿದರು. ಅದೇ ಜಾಗದಲ್ಲಿ ಕಟ್ಟಿದ ಒಂದೇ ಊರನ್ನು ಮತ್ತೆ ಮತ್ತೆ ಬದಲಿಸಿ ಫ್ರಾನ್ಸ್, ಹಾಲೆಂಡ್, ಬೆಲ್ಜಿಯಂ, ಜರ್ಮನಿ ಎಲ್ಲವನ್ನೂ ತೋರಿಸಿದರು. ನೋಡುತ್ತಾ ನಮಗೆ ಮೈ ನಡುಗಿದರೆ ಅದು ಬಡಗಿಗಳು, ಬಣ್ಣದವರು, ದೀಪದವರು ಹುಟ್ಟಿಸಿದ ಚಳಿ.

“ಆದರೂ ನಟರಿಲ್ಲದಿದ್ದರೆ ಏನೂ ಇಲ್ಲವಲ್ಲ” ಎಂದು ಭಾವ ನಡುವೆ ಬಾಯಿ ಹಾಕಿದ. ನಟರನ್ನು ಯಾರು ಕಡಿಮೆ ಮಾಡಿದರು? ಲಂಡನ್ನಿನಲ್ಲಿ ಹುಟ್ಟಿದ ಡೇಮಿಯನ್ ಲೂಯಿಸ್ ಪೆನ್ಸಿಲ್ವೇನಿಯಾದ ವಿಂಟರ್ಸ್ ಆಗಿ ಒಂದು ಗಳಿಗೆಯೂ ಎಡವದೆ ನಿಂತದ್ದು ದೊಡ್ಡ ಸಾಧನೆಯೇ. ಆದರೆ ಆ ನಿಲುವು ಬಂದದ್ದೆಲ್ಲಿಂದ? ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದ ಅಮೆರಿಕದ ಮರೀನ್ ಪಡೆಯ ನಿವೃತ್ತ ಕ್ಯಾಪ್ಟನ್ ಡೇಲ್ ಡೈ ಈ ನಟರನ್ನು ಹತ್ತು ದಿನ ಶಿಬಿರದಲ್ಲಿಟ್ಟು ಸೈನಿಕರಂತೆ ದುಡಿಸಿದರು. ಮಣ್ಣಿನಲ್ಲಿ ಮಲಗಿಸಿದರು, ಬೆಳಗಾಗುವ ಮೊದಲೇ ಓಡಿಸಿದರು, ಪಾತ್ರದ ಹೆಸರಿನಿಂದಲೇ ಕರೆದರು. ತಾವೂ ಕರ್ನಲ್ ಸಿಂಕ್ ಪಾತ್ರ ಮಾಡಿದರು. ಬಂದೂಕು ಹಿಡಿದ ಕೈ, ಬೆನ್ನುಚೀಲದ ಭಾರಕ್ಕೆ ಬಗ್ಗಿದ ನಡಿಗೆ, ಆದೇಶ ಬಂದಾಗ ಕಣ್ಣು ತಿರುಗುವ ರೀತಿ, ಇವೆಲ್ಲ ಕನ್ನಡಿ ಮುಂದೆ ನಿಂತು ಕಲಿತದ್ದಲ್ಲ. ಇನ್ನು ಆ ಶೀರ್ಷಿಕೆ ಸಂಗೀತ ಕೇಳಿದರೆ ಇವತ್ತಿಗೂ ನನ್ನ ಎದೆ ತುಂಬಿ ಬರುತ್ತದೆ. ಅದನ್ನು ಕೊಟ್ಟ ಮೈಕೆಲ್ ಕೇಮನ್ 2003ರಲ್ಲೇ ತೀರಿಕೊಂಡರು.

ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ, ಅದೇ ನನಗೆ ಹೆಚ್ಚು ನೋವು. ನಮ್ಮದು ಯಕ್ಷಗಾನದ ಜಿಲ್ಲೆ. ಆಟದ ಕರಪತ್ರ ತೆಗೆದು ನೋಡಿ: ಮೊದಲು ಹಿಮ್ಮೇಳ. ಭಾಗವತರು, ಮದ್ದಳೆಯವರು, ಚಂಡೆಯವರು. ಆಮೇಲೆ ವೇಷ ಕಟ್ಟುವವರ ಮುಮ್ಮೇಳ. ಅಭಿಮನ್ಯುವಿನ ಯುದ್ಧಕ್ಕೆ ರಂಗ ಕಾವೇರುವುದು ಅಭಿಮನ್ಯು ಕುಣಿದದ್ದರಿಂದ ಮಾತ್ರವಲ್ಲ, ಏರುದನಿಯ ಏರುಪದ ಹಿಡಿದ ಭಾಗವತರಿಂದ ಮತ್ತು ಚಂಡೆಯ ಪೆಟ್ಟಿನಿಂದ ಎಂಬುದು ಇಡಗುಂಜಿಯಿಂದ ಸಿದ್ದಾಪುರದವರೆಗೆ ಪ್ರತಿ ಪ್ರೇಕ್ಷಕನಿಗೂ ಗೊತ್ತು. ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ತಲೆಗೆ ಕೇದಗೆ ಮುಂದಲೆ ಕಟ್ಟುವುದನ್ನು ನೋಡುವುದೇ ಒಂದು ಆಟ ಎನ್ನುವ ಜನ ನಾವು. ಟಿವಿಯ ಮುಂದೆ ಕುಳಿತಾಗ ಆ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಇನ್ನೊಂದು ಮಾತು ಹೇಳಲೇಬೇಕು. ಕಾರವಾರದ ಕಡಲತೀರದಲ್ಲಿ ಯುದ್ಧನೌಕೆ ವಸ್ತುಸಂಗ್ರಹಾಲಯದ ಬಳಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಕಾರವಾರದ ಹತ್ತಿರದ ಚೆಂಡಿಯಾದವರು, ಪರಮವೀರ ಚಕ್ರ ಪಡೆದವರು. ಅವರು ಮಾಡಿದ್ದೇನು ಎಂದು ಕೇಳಿದರೆ “ಯುದ್ಧದಲ್ಲಿ ಶತ್ರುಗಳನ್ನು ಕೊಂದಿರಬೇಕು” ಎಂಬ ಉತ್ತರ ನಮ್ಮ ಹುಡುಗರ ಬಾಯಲ್ಲಿ ಬರುತ್ತದೆ. ರಾಣೆ ಇಂಜಿನಿಯರ್ ಪಡೆಯವರು. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಗೆ ಹೊರಟ ಟ್ಯಾಂಕುಗಳಿಗೆ ದಾರಿ ಬಿಡಿಸಿಕೊಟ್ಟವರು. ಮೊದಲ ದಿನವೇ ಅವರ ತಂಡದ ಇಬ್ಬರು ಶೆಲ್ ದಾಳಿಗೆ ಸತ್ತರು, ರಾಣೆಯವರಿಗೂ ಗಾಯವಾಯಿತು. ಆದರೂ ನೆಲಬಾಂಬ್ ತೆಗೆದರು, ದಾರಿಗೆ ಅಡ್ಡ ಕೆಡವಿದ ಮರಗಳನ್ನು ಸ್ಫೋಟಿಸಿ ಸರಿಸಿದರು. ಚಲಿಸುವ ಟ್ಯಾಂಕಿನ ಕೆಳಗೆ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಡುತ್ತಾ ನೆಲಬಾಂಬುಗಳ ನಡುವಿನಿಂದ ಅದನ್ನು ದಾಟಿಸಿದರು. ರಾಜೌರಿಗೆ ನುಗ್ಗಿದ ಟ್ಯಾಂಕುಗಳ ಹಿಂದೆ ಈ ದುಡಿಮೆ ಇತ್ತು. ದಾರಿ ಮಾಡಿಕೊಟ್ಟವನಿಗೂ ಅತ್ಯುನ್ನತ ಗೌರವ ಸಲ್ಲಬೇಕು ಎಂಬುದು ಸೈನ್ಯಕ್ಕೆ ಅರ್ಥವಾಯಿತು. ಯುದ್ಧದ ಕಥೆ ನೋಡುವ ನಮಗೆ ಏಕೆ ಅರ್ಥವಾಗುವುದಿಲ್ಲ?

ನಮ್ಮ ದೇಶದ ಧಾರಾವಾಹಿಗಳ ವಿಷಯದಲ್ಲೂ ಇದೇ ಪಾಡು. ದೂರದರ್ಶನದ ‘ಪರಮವೀರ ಚಕ್ರ’ದಲ್ಲಿ ನಸೀರುದ್ದೀನ್ ಶಾ 1965ರ ಯುದ್ಧದ ವೀರ ಅಬ್ದುಲ್ ಹಮೀದ್ ಆದದ್ದು ನನ್ನ ವಯಸ್ಸಿನವರಿಗೆ ನೆನಪಿದೆ. ನಿರ್ದೇಶಿಸಿದವರು ಚೇತನ್ ಆನಂದ್ ಎಂದರೆ ಹುಬ್ಬೇರಿಸುತ್ತಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದ ಮಹಾಭಾರತವನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು. ಕೃಷ್ಣ ಎಷ್ಟು ಚೆನ್ನಾಗಿ ಕನ್ನಡ ಮಾತನಾಡುತ್ತಾನೆ ಎಂದು ನನ್ನ ಅಮ್ಮ ದಿನವೂ ಹೊಗಳುತ್ತಿದ್ದಳು. ಆ ಕಂಠ ಯಾರದು, ಆ ಸಂಭಾಷಣೆಯನ್ನು ತುಟಿಯ ಚಲನೆಗೆ ಹೊಂದಿಸಿ ಬರೆದವರು ಯಾರು ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

“ಅಷ್ಟು ವೇಗವಾಗಿ ಓಡುವ ಹೆಸರುಗಳನ್ನು ಓದಲು ಯಾರಿಗೆ ಆಗುತ್ತದೆ, ಓದಿದರೂ ಯಾರೆಂದು ಗೊತ್ತಾಗುತ್ತದೆಯೇ” ಎಂಬ ವಾದ ಈಗ ಬರುತ್ತದೆ, ಗೊತ್ತು. ಎಲ್ಲವನ್ನೂ ಓದಿ ಎಂದು ನಾನು ಹೇಳುತ್ತಿಲ್ಲ. ಒಂದು ಕಂತಿಗೆ ಒಂದು ಹೆಸರು ಓದಿ. ವಸ್ತ್ರವಿನ್ಯಾಸವೋ, ಶಬ್ದವೋ, ಸಂಕಲನವೋ, ಯಾವುದಾದರೂ ಒಂದು. ಮರುದಿನ ಆ ಹೆಸರನ್ನು ಹುಡುಕಿ, ಅವರು ಇನ್ನೇನು ಮಾಡಿದ್ದಾರೆ ನೋಡಿ. ಯುದ್ಧದ ದೃಶ್ಯವನ್ನು ಆಮೇಲೆ ನೀವು ನೋಡುವ ರೀತಿಯೇ ಬೇರೆಯಾಗುತ್ತದೆ. ಮತ್ತು ನಿಮ್ಮ ಟಿವಿಯಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ನಿಲ್ಲಿಸುವ ಆಯ್ಕೆ ಇದ್ದರೆ ಇವತ್ತೇ ನಿಲ್ಲಿಸಿ.

ನಮ್ಮೂರಿನ ಈ ವರ್ಷದ ಆಟದ ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. ಹಿಮ್ಮೇಳ, ಮುಮ್ಮೇಳದ ಜೊತೆ ಈ ಸಲ ವೇಷಭೂಷಣದ ಪೆಟ್ಟಿಗೆ ಹೊತ್ತು ತರುವವರು, ರಂಗಸ್ಥಳ ಕಟ್ಟುವವರು, ದೀಪ ಮತ್ತು ಧ್ವನಿವರ್ಧಕದವರು, ಎಲ್ಲರ ಹೆಸರೂ ಅದರಲ್ಲಿ ಬರಬೇಕೆಂದು ಸಮಿತಿಯವರಿಗೆ ಹೇಳಿದ್ದೇನೆ. ಜಾಗ ಸಾಲುವುದಿಲ್ಲ ಎಂದರು. ಹಾಳೆ ದೊಡ್ಡದು ಮಾಡಿ, ಹೆಚ್ಚಿನ ಖರ್ಚು ನನ್ನದು ಎಂದಿದ್ದೇನೆ. ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ನಮ್ಮೂರಿನವರು ಇದನ್ನು ಓದುತ್ತಿದ್ದರೆ, ಕಳೆದ ವರ್ಷ ಚಪ್ಪರ ಹಾಕಿದವರ ಮತ್ತು ರಾತ್ರಿಯಿಡೀ ಜನರೇಟರ್ ನೋಡಿಕೊಂಡವರ ಹೆಸರನ್ನು ನನಗೆ ಸಂದೇಶದಲ್ಲಿ ಕಳುಹಿಸಿ.