ಓಡಿಸೋಕಾ, ಒರೆಸೋಕಾ?

ಬಂಕ್‌ನಲ್ಲಿ ಹುಡುಗ ಪೈಪ್ ಸಿಕ್ಕಿಸಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದ. ಎರಡೇ ಬಾಗಿಲು, ಹಿಂದೆ ನಾಲ್ಕು ಸೈಲೆನ್ಸರ್ ಬಾಯಿ. ಎಲ್ಲಾ ನೋಡಿ ಕೇಳಿದ್ದು ಒಂದೇ ಮಾತು.

"ಸಾರ್, ಎಷ್ಟು ಕೊಡುತ್ತೆ?"

"ಆರು."

"ಹದಿನಾರಾ?"

"ಇಲ್ಲಪ್ಪ, ಬರೀ ಆರು."

ಅವನು ನನ್ನನ್ನು ನೋಡಿದ ನೋಟದಲ್ಲಿ ನಿಜವಾದ ಕನಿಕರ ಇತ್ತು.

ಕಾರು ಬಿಎಂಡಬ್ಲ್ಯು ಎಂ2. ಇಪ್ಪತ್ತೆರಡು ವರ್ಷ ದುಡಿದು, ಸೈಟು ಮಾರದೆ, ಸಾಲ ಮಾಡಿ ತಗೊಂಡದ್ದು. ಬೈಯುವವರು ಬೈಯಬಹುದು, ಮನೆಯಲ್ಲಿ ಆ ಕಾರ್ಯಕ್ರಮ ಆಗಲೇ ಮುಗಿದಿದೆ. ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, 480 ಎಚ್‌ಪಿ, ಮ್ಯಾನ್ಯುಯಲ್ ಗೇರ್. ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗಲು ಇದರಲ್ಲಿ ಹತ್ತು ಎಚ್‌ಪಿ ಸಾಕು, ಅದು ಬೇರೆ ಮಾತು.

ನಮ್ಮಲ್ಲಿ ಮೈಲೇಜ್ ಅಂದ್ರೆ ಲೀಟರ್‌ಗೆ ಎಷ್ಟು ಅನ್ನೋ ಲೆಕ್ಕ. ಅಪ್ಪ ಮಾರುತಿ 800 ಇಟ್ಟುಕೊಂಡಿದ್ದ ಅಷ್ಟೂ ವರ್ಷ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಡೈರಿ ಇರುತ್ತಿತ್ತು. ತಾರೀಖು, ಮೀಟರ್, ಲೀಟರ್, ದುಡ್ಡು. ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸುವವರೆಗಿನ ಲೆಕ್ಕ. ಒಂದು ಸಲ ಹದಿನೆಂಟರಿಂದ ಹದಿನಾರಕ್ಕೆ ಇಳಿಯಿತು ಅಂತ ಮನೆಯಲ್ಲಿ ಸೂತಕದ ವಾತಾವರಣ. ಆ ಚಿಂತೆ ನನಗೆ ಬರಲಿಲ್ಲ. ಈ ಕಾರು ತಗೊಂಡು ಲೀಟರ್ ಲೆಕ್ಕ ಹಾಕೋದು, ಆನೆ ಸಾಕಿ ಬೆಲ್ಲದ ಬೆಲೆ ಕೇಳಿದ ಹಾಗೆ.

ನನ್ನ ತಲೆ ತಿಂದದ್ದು ಇನ್ನೊಂದು ಮೈಲೇಜ್. ಮೀಟರ್‌ನಲ್ಲಿ ಏರುವ ಕಿಲೋಮೀಟರ್. ಪೂಜೆ ಮಾಡಿಸಿ ನಿಂಬೆಹಣ್ಣಿನ ಮೇಲೆ ಹತ್ತಿಸಿದಾಗ 41 ಇತ್ತು. ಒಂದೊಂದು ಅಂಕಿ ಏರಿದಾಗಲೂ ಜೇಬಿನಿಂದ ಯಾರೋ ನೋಟು ಎಳೆದ ಹಾಗೆ ಅನ್ನಿಸುತ್ತಿತ್ತು. ನಾಳೆ ಮಾರುವಾಗ ಕೊಳ್ಳುವವನು ಮೊದಲು ನೋಡೋದು ಅದನ್ನೇ ಅಲ್ವಾ? ಹಾಗಾಗಿ ಮಲ್ಲೇಶ್ವರಕ್ಕೆ ಹಳೆ ವ್ಯಾಗನ್ ಆರ್, ತರಕಾರಿಗೆ ಸ್ಕೂಟರ್. ಹೊಸ ಕಾರು ಬೇಸ್‌ಮೆಂಟ್‌ನಲ್ಲಿ ಬಟ್ಟೆ ಹೊದ್ದು ಮಲಗಿತ್ತು. ಆರು ವಾರಕ್ಕೆ ಮೀಟರ್ 186.

ಒಂದು ಬೆಳಿಗ್ಗೆ ಬಾನೆಟ್ ಎತ್ತಿದೆ. ಇಂಜಿನ್ ಕವರ್ ಮೇಲೆ ಇಲಿ ಹಿಕ್ಕೆ, ಪಕ್ಕದಲ್ಲಿ ಅರ್ಧ ತಿಂದ ಕಡಲೆಕಾಯಿ ಸಿಪ್ಪೆ. ಪುಣ್ಯಕ್ಕೆ ವೈರ್ ಮುಟ್ಟಿರಲಿಲ್ಲ. ವಾಚ್‌ಮನ್ ಹೊಗೆಸೊಪ್ಪು ಕಟ್ಟಿಡಿ ಅಂದ. ಕೋಟಿ ರೂಪಾಯಿ ಕಾರಿನೊಳಗೆ ಹೊಗೆಸೊಪ್ಪಿನ ಕಟ್ಟು ತುರುಕುತ್ತಿದ್ದಾಗ ಹೆಂಡತಿ ಲಿಫ್ಟ್‌ನಿಂದ ಇಳಿದು ಬಂದಳು. "ಇದನ್ನ ತಗೊಂಡಿದ್ದು ಓಡಿಸೋಕಾ, ಒರೆಸೋಕಾ?"

ಅವತ್ತೇ ಕೂತು ಲೆಕ್ಕ ಹಾಕಿದೆ. ಇನ್ಶೂರೆನ್ಸ್‌ನವರು ಕಾರಿನ ಬೆಲೆ ಇಳಿಸೋದು ವಯಸ್ಸು ನೋಡಿ. ಆರು ತಿಂಗಳು ದಾಟಿದರೆ 15%, ವರ್ಷ ದಾಟಿದರೆ 20%, ಎರಡು ವರ್ಷ ದಾಟಿದರೆ 30%. ಅಲ್ಲಿ ಮೀಟರ್ ಎಷ್ಟು ಅಂತ ಯಾರೂ ಕೇಳಲ್ಲ. ನಾನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದ ದುಡ್ಡು ಬೇಸ್‌ಮೆಂಟ್‌ನಲ್ಲಿ ನಿಂತಲ್ಲೇ ಸೋರುತ್ತಿತ್ತು. ಕೊಳ್ಳುವವನು ಕಿಲೋಮೀಟರ್ ನೋಡ್ತಾನೆ, ನಿಜ. ಆದ್ರೆ ಮುಂದೆ ಬರುವ ಯಾವನೋ ಒಬ್ಬನಿಗೋಸ್ಕರ ನಾನ್ಯಾಕೆ ಸಾಲ ಕಟ್ಟಿಕೊಂಡು ಕಾರು ಕಾಯಬೇಕು?

ಇನ್ನು ಇಂಜಿನ್ ಸೆಟ್ ಆಗೋ ವಿಷಯ, ಅಂದ್ರೆ ಹೊಸ ಇಂಜಿನ್‌ನ ಭಾಗಗಳು ಓಡುತ್ತಾ ಒಂದಕ್ಕೊಂದು ಹೊಂದಿಕೊಳ್ಳೋದು. ಅಪ್ಪನ ಚೇತಕ್ ಕಾಲದಲ್ಲಿ ಇದು ದೊಡ್ಡ ವ್ರತ. ನಲವತ್ತು ದಾಟುವ ಹಾಗಿಲ್ಲ, ಡಬಲ್ ಹೋಗುವ ಹಾಗಿಲ್ಲ. ಈಗ ಅದೆಲ್ಲ ಬೇಕಿಲ್ಲ ಅನ್ನುವ ಗೆಳೆಯರಿದ್ದಾರೆ. ಕಾರಿನ ಜೊತೆ ಕೊಟ್ಟ ಮ್ಯಾನ್ಯುಯಲ್ ಪುಸ್ತಕ ಓದಿದರೆ ಬೇಕು ಅಂತಲೇ ಇದೆ. 2,000 ಕಿಲೋಮೀಟರ್‌ವರೆಗೆ ಇಂಜಿನ್ 5,500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟಬಾರದು, ವೇಗ 170 ದಾಟಬಾರದು. (170! ಮಾಗಡಿ ರೋಡ್ ಟೋಲ್‌ಗೇಟ್ ಹತ್ತಿರ 17 ಸಿಕ್ಕರೆ ದೇವರ ದಯೆ.) ಟೈರ್ ಹಿಡಿತಕ್ಕೆ 300, ಬ್ರೇಕ್ ಮತ್ತು ಕ್ಲಚ್‌ಗೆ 500. 2,000 ಆದಾಗ ಇಂಜಿನ್ ಆಯಿಲ್ ಜೊತೆ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಕೂಡ ಬದಲಿಸಬೇಕು.

ಅಮ್ಮನಿಗೆ ಇದನ್ನು ವಿವರಿಸಿದ್ದು ಒರಳುಕಲ್ಲು ಇಟ್ಟುಕೊಂಡು. ಸಿಲಿಂಡರ್ ಒಳಗೋಡೆಗೆ ಬೇಕೆಂದೇ ಅಡ್ಡಡ್ಡ ಸಣ್ಣ ಗೀರು ಹಾಕಿರುತ್ತಾರೆ, ಆಯಿಲ್ ನಿಲ್ಲಲಿ ಅಂತ. ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ ಸುತ್ತ ಇರುವ ರಿಂಗ್ ಆ ಗೋಡೆಗೆ ಉಜ್ಜಿ ಉಜ್ಜಿ ಸರಿಯಾಗಿ ಕೂರಬೇಕು. ಉಜ್ಜಿದಾಗ ಬರುವ ಲೋಹದ ಪುಡಿ ಆಯಿಲ್‌ಗೆ ಸೇರುತ್ತೆ. ಹೊಸ ಒರಳಲ್ಲಿ ಮೊದಲು ರುಬ್ಬಿದ್ದನ್ನು ಚೆಲ್ಲುತ್ತೀರಲ್ಲ, ಅದೇ ಕಥೆ. "ಅಷ್ಟಕ್ಕೆ ಇಷ್ಟು ದುಡ್ಡಾ?" ಅಂದರು.

ಸೆಟ್ ಮಾಡೋದು ಅಂದ್ರೆ ಮೆಲ್ಲಗೆ ಓಡಿಸೋದು ಅಂತ ನಾನೂ ತಿಳಿದಿದ್ದೆ. ಅದು ಅರ್ಧ ಸತ್ಯ. ರಿಂಗನ್ನು ಗೋಡೆಗೆ ಒತ್ತೋದು ಒಳಗೆ ಉರಿಯುವ ಗ್ಯಾಸಿನ ಒತ್ತಡ. ಬರೀ ಸವರಿಕೊಂಡು ಹೋದರೆ ಆ ಒತ್ತಡವೇ ಬರಲ್ಲ. ಪೂರ್ತಿ ತುಳಿಯಲೂಬಾರದು, ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗಲೂಬಾರದು. ಏರಿಸಬೇಕು, ಇಳಿಸಬೇಕು, ಗೇರ್ ಬದಲಿಸುತ್ತಿರಬೇಕು. ಇದಕ್ಕೆ ಬೆಂಗಳೂರಿಗಿಂತ ಕೆಟ್ಟ ಊರು ಇಲ್ಲ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದ ಪ್ರಕಾರ ನಗರದ ಮಧ್ಯೆ 10 ಕಿಲೋಮೀಟರ್‌ಗೆ 34 ನಿಮಿಷ. ಹಾಗೆ 2,000 ಮುಗಿಸಲು ಸುಮಾರು 113 ಗಂಟೆ. ಅದೇ 70ರ ಸರಾಸರಿಯಲ್ಲಿ ಹೋದರೆ 29 ಗಂಟೆ. ಮೀಟರ್ ಎರಡನ್ನೂ ಒಂದೇ ಅಂತ ತೋರಿಸುತ್ತೆ, ಇಂಜಿನ್‌ಗೆ ಎರಡೂ ಒಂದೇನಾ? ಸಿಟಿಯಲ್ಲಿ ನಿಂತೇ ಸವೆದ 5,000ಕ್ಕಿಂತ ಹೊರಗೆ ಓಡಿದ 15,000 ವಾಸಿ ಅಂತ ನನ್ನ ಲೆಕ್ಕ.

ಮೈಸೂರು ಎಕ್ಸ್‌ಪ್ರೆಸ್‌ವೇ ಯೋಚಿಸಿದೆ. ಬೇಡ, ಅಲ್ಲಿ 100ಕ್ಕೆ ಕಟ್ಟಿಹಾಕಿ ನೇರ ಹೋಗೋದೇ ಆಗುತ್ತೆ. ಕೊನೆಗೆ ಸಿಕ್ಕಿದ್ದು ಮನೆ ಪಕ್ಕದ ದಾರಿಯೇ. ಭಾನುವಾರ ಐದೂವರೆಗೆ ಹೊರಟು, ತಾವರೆಕೆರೆ ದಾಟಿ ಮಾಗಡಿ, ಅಲ್ಲಿಂದ ಕುಣಿಗಲ್, ವಾಪಸ್ ನೆಲಮಂಗಲ. ಮೊದಲ ಹತ್ತು ನಿಮಿಷ ಆಯಿಲ್ ಬಿಸಿಯಾಗುವವರೆಗೆ ಕಾಲು ಹಗುರ. ತಾವರೆಕೆರೆ ದಾಟಿದ ಮೇಲೆ ಮೂರನೇ ಗೇರ್, ಎರಡೂವರೆ ಸಾವಿರದಿಂದ ಐದು ಸಾವಿರದವರೆಗೆ, ಮತ್ತೆ ಕಾಲು ತೆಗೆದು ತಾನಾಗಿ ಇಳಿಯಲು ಬಿಡೋದು. ಹಂಪ್ ಬಂದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸೋದು. ಹಿಂದೆ ಇರುವ ಹಾಲಿನ ಟೆಂಪೊದವನು ಹಾರ್ನ್ ಹೊಡೆದು ಓವರ್‌ಟೇಕ್ ಮಾಡಿ ಹೋಗುತ್ತಾನೆ. ಹೋಗಲಿ.

ಈಗ ಮೀಟರ್ 1,874. ಈ ಭಾನುವಾರದ ಸುತ್ತಿಗೆ 2,000 ದಾಟುತ್ತೆ, ಸೋಮವಾರ ಆಯಿಲ್ ಬದಲಿಗೆ ಬುಕ್ ಮಾಡಿದ್ದೀನಿ. ಅಪ್ಪನೂ ಬರ್ತೀನಿ ಅಂದಿದ್ದಾರೆ. ಹೊಸ ಡೈರಿ ತಗೊಂಡಿದ್ದಾರೆ, ಶನಿವಾರ ರಾತ್ರಿಯೇ ಟ್ಯಾಂಕ್ ಫುಲ್ ಮಾಡಿಸಿಡಬೇಕಂತೆ.