ಕಡಲಿಂದ 50 ಮೀಟರ್ ಬಿಟ್ಟರೆ ಸಾಕು ಎಂದು ನಾನು ಕಳಿಸಿದ್ದು ತಪ್ಪು

ಬಳ್ಳಾರಿಯ ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿಗೆ ಸೋಮವಾರ ನಾನೇ ಒಂದು ಸಂದೇಶ ಕಳಿಸಿದ್ದೆ: "ಕುಮಟಾದಿಂದ ಕುಂದಾಪುರದವರೆಗೆ ಎಲ್ಲೇ ಆಗಲಿ, ಸಮುದ್ರದಿಂದ 50 ಮೀಟರ್ ಬಿಟ್ಟು ಯಾರು ಬೇಕಾದರೂ ಮನೆ ಕಟ್ಟಬಹುದು." ಅದು ತಪ್ಪು. ಕ್ಷಮಿಸಿ.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ 50 ಮೀಟರ್ ಎಂಬುದು ಇದೆ, ನಿಜ. ಆದರೆ ಅದು 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಭಾಗಕ್ಕೆ ಮಾತ್ರ. ಉಳಿದ ಹಳ್ಳಿಗಳಲ್ಲಿ ನಿರ್ಮಾಣ ನಿಷೇಧ 200 ಮೀಟರ್. ಅಳೆಯುವುದೂ ನೀರಿನ ಅಂಚಿನಿಂದಲ್ಲ, ಉಬ್ಬರದ ಗೆರೆಯಿಂದ, ಅಂದರೆ ದೊಡ್ಡ ಉಬ್ಬರದಲ್ಲಿ ನೀರು ದಡದ ಮೇಲೆ ಏರಿ ಮುಟ್ಟುವ ಗೆರೆಯಿಂದ. ಇಳಿತದ ಹೊತ್ತಿನಲ್ಲಿ ಜಾಗ ನೋಡಿ ಬಂದವರ ಲೆಕ್ಕ ಇಲ್ಲೇ ತಪ್ಪುತ್ತದೆ. 200 ದಾಟಿದ ಮೇಲೂ 500 ಮೀಟರ್‌ವರೆಗೆ ವಾಸದ ಮನೆಗೆ ಅವಕಾಶ ಹೇಳಿರುವುದು ಮೀನುಗಾರರೂ ಸೇರಿದ ಸ್ಥಳೀಯ ಸಮುದಾಯಗಳಿಗೆ. ಎತ್ತರ 9 ಮೀಟರ್ ಮೀರುವಂತಿಲ್ಲ. ಪಟ್ಟಣಗಳ ನಿಯಮ ಬೇರೆ.

ಕಾಲುವೆ ಕೆಳಗಿನ ಹೊಲ ಮಾರಿ ಕರಾವಳಿಯ ಜಾಗಕ್ಕೆ ಮುಂಗಡ ಕೊಡಲು ಹೊರಟಿದ್ದ ಗೆಳೆಯರೊಬ್ಬರು ನಿನ್ನೆ ಫೋನ್ ಮಾಡಿದಾಗ ನನ್ನ ಎದೆ ಧಸಕ್ಕೆಂದಿತು. ದುಡ್ಡು ಕೊಡುವ ಮುಂಚೆ ಸರ್ವೆ ನಂಬರ್ ಹಿಡಿದು, ಅನುಮೋದಿತ ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಆ ಜಾಗ ಎಲ್ಲಿ ಬೀಳುತ್ತದೆ ನೋಡಿ.

ಆ ಸಂದೇಶವನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಕಳಿಸಿದ್ದರೆ ಇದನ್ನೂ ಅವರಿಗೆ ಮುಟ್ಟಿಸಿ.